ಹುಳ ಹಣ್ಣಾದ ರಾತ್ರಿ

ನಾಲ್ಕನೇ ಜ್ವರ ಎದ್ದ ಏಳನೇ ದಿನ
ಹುಳ ಮೇಯುವ ಸದ್ದು ನಿಂತಿತು.
ಹಗಲೂ ರಾತ್ರಿ ಗೋಡೆಯಾಚೆ
ಯಾರೋ ಹಳೇ ಪೇಪರು ಹರಿಯುತ್ತಿದ್ದ ಸದ್ದು.
ನಿಂತ ಮೇಲೆ ಗೊತ್ತಾಯಿತು
ಅದರ ಜೊತೆಗೇ ಉಸಿರಾಡುತ್ತಿದ್ದೆ ಅಂತ.

"ಹಣ್ಣಾದವು" ಅಂದರು ಅತ್ತೆ,
ಒಂದು ಹುಳವನ್ನು ಬಲ್ಬಿಗೆ ಹಿಡಿದು.
ಗಾಜಿನ ಮೈ, ಒಳಗಿನದೆಲ್ಲ ಹೊರಗೆ.
ಬಾಗಿಲಲ್ಲಿ ನಿಂತ ನನ್ನನ್ನೂ ಹಾಗೇ ನೋಡಿ
"ನಿಂಗೆ ಯಾವಾಗಿಂದ?"
ಮಧ್ಯಾಹ್ನದಿಂದ, ಅಂದೆ.
ಮುಚ್ಚಿಟ್ಟದ್ದಲ್ಲ. ಎಲ್ಲರ ಕೈಯಲ್ಲೂ ಹುಳ ಇತ್ತು,
ಇನ್ನೂರು ಮೊಟ್ಟೆ ಹುಳ, ಚಂದ್ರಿಕೆಗೆ ಬಿಡಬೇಕಿತ್ತು
ಬೆಳಗಾಗುವುದರೊಳಗೆ.

ಎಸ್ತರ್ ಸಿಸ್ಟರ್ ಮೊಪೆಡ್ಡಿನಲ್ಲಿ ಬಂದರು
ಶಿಡ್ಲಘಟ್ಟದ ದೂಳೆಲ್ಲ ಸೆರಗಿಗೆ ಹಚ್ಚಿಕೊಂಡು.
ಮೂವತ್ತೊಂದು ವರ್ಷ ಹೆರಿಗೆ ವಾರ್ಡು, ಈಗ ಪೆನ್ಶನ್ನು.
ತಾಯಿ ಕಾರ್ಡು ಒಂದು ಸಲ, ಸ್ಕ್ಯಾನಿಂಗು ಎರಡು ಸಲ ಓದಿದರು.
ತುತ್ತೂರಿಯಂಥದೊಂದನ್ನು ಹೊಟ್ಟೆಗಿಟ್ಟು
ಕಿವಿಗೊಟ್ಟು ಕೂತರು, ಬಾವಿಗೆ ಕಲ್ಲೆಸೆದವರ ಹಾಗೆ.
ಆಮೇಲೆ ಆಂಜಿನಪ್ಪನಿಗೆ:
"ಆಟೋ ರೋಡಿನ ಕಡೆ ಮೂತಿ ಮಾಡಿ ನಿಲ್ಲಿಸು.
ಹೊರಡು ಅಂದರೆ ಹೊರಡಬೇಕು,
ಯಾಕೆ ಅಂತ ದಾರಿಯಲ್ಲಿ ಕೇಳು."

ಮುಬೀನಾ ಬಂದದ್ದು ಫಿಲೇಚರಿನಿಂದ, ನೇರ.
ಅವಳು ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಡೌಲಾ ಅಂತಾರಂತೆ,
ಸಿಸ್ಟರ್ ಹೇಳಿದರು.
ನಮ್ಮ ಬೀದಿಯಲ್ಲಿ ಹೆಸರಿಲ್ಲ, ಕರೆದರೆ ಬರುತ್ತಾಳೆ ಅಷ್ಟೆ.
ಹದಿನಾರು ವರ್ಷ ಕುದಿನೀರಲ್ಲಿ ಗೂಡು ಕೆದಕಿ
ಬೆರಳಲ್ಲಿ ರೇಖೆಯೇ ಉಳಿದಿಲ್ಲ.
ರೇಷನ್ ಅಂಗಡಿ ಮೆಷಿನ್ನಿಗೆ ಅವಳು ಯಾರೋ.
ನನ್ನ ಬೆನ್ನಿಗೆ ಗೊತ್ತಾಯಿತು.
"ಎಳೆಯ ತುದಿ ಕಣ್ಣಿಗೆ ಸಿಗಲ್ಲ" ಅಂದಳು ಸೊಂಟ ಒತ್ತುತ್ತ,
"ಸಬೂರ್. ಕೈಗೆ ತಾನೇ ಬರತದೆ."

ನೋವು ಅನ್ನಬೇಡ, ಅಲೆ ಅಂದುಕೋ
ಅಂತ ಯಾರೋ ಮೊಬೈಲಿನಲ್ಲಿ ಹೇಳಿದ್ದರು.
ನಾನು ಅಲೆ ಎಲ್ಲಿ ನೋಡಿದ್ದೇನೆ?
ನಮ್ಮ ಕೆರೆ ತುಂಬಿದ್ದೇ ಒಂದು ಸಲ.
ನಮ್ಮಪ್ಪ ಕಲ್ಲು ಒಡೆಯುವವನು.
ಸಾಲಾಗಿ ಬೆಣೆ ಇಟ್ಟು, ಒಂದೊಂದಕ್ಕೂ ಒಂದೊಂದೇ ಏಟು,
ಮತ್ತೆ ಮೊದಲಿಂದ.
ಬೀಡಿ ಹಚ್ಚಿಕೊಂಡು ಕಾಯುತ್ತಿದ್ದ.
ಯಾರೂ ಮುಟ್ಟದಿದ್ದಾಗ ಬಂಡೆ
ಟಪ್ಪಂತ ಬಾಯಿ ಬಿಡುತ್ತಿತ್ತು.
ಅದನ್ನೇ ನೆನೆದೆ. ಬೀಡಿ ವಾಸನೆಯನ್ನೂ.

ಎರಡು ಗಂಟೆಗೆ ಸೋತೆ.
ಆಸ್ಪತ್ರೆಗೆ ಕರಕೊಂಡು ಹೋಗಿ, ನನ್ನ ಕೈಲಾಗಲ್ಲ.
ಸಿಸ್ಟರ್ ಗದರಲಿಲ್ಲ. ಪರೀಕ್ಷೆ ಮಾಡಿ ಕೈಗವಸು ತೆಗೆದು
"ಹೋಗೋಣ. ಆದರೆ ರೈಲ್ವೆ ಗೇಟಲ್ಲಿ ಹೆರ್ತೀಯ, ಪರವಾಗಿಲ್ವಾ?"
ಅಳುತ್ತಿದ್ದವಳು ನಕ್ಕುಬಿಟ್ಟೆ.
ನಗುವಿನ ಜೊತೆಗೇ ಏನೋ ಕೆಳಗಿಳಿಯಿತು.

ಆಮೇಲಿನದು ಸರಿಯಾಗಿ ನೆನಪಿಲ್ಲ.
ಕಿಟಕಿಯ ಸರಳು. ಕಂಕುಳಲ್ಲಿ ಮುಬೀನಾಳ ತೋಳು.
ಇನ್ನೊಂಚೂರು, ಇಂಕೊಂಚಂ, ಥೋಡಾ ಔರ್,
ಮೂವರು ಮೂರು ಭಾಷೆಯಲ್ಲಿ ಅಂದರು.
ನಾನು ಯಾವುದರಲ್ಲಿ ಕೂಗಿದೆನೋ.

ಹೆಣ್ಣು.
ಅಳಲಿಲ್ಲ.
ಹುಳ ಮೇಯುವುದು ನಿಂತಂಥ ಅದೇ ಮೌನ
ಸಿಸ್ಟರ್ ಟವಲಿನಲ್ಲಿ ಬೆನ್ನುಜ್ಜುವ ತನಕ,
ಮತ್ತೂ ಉಜ್ಜುವ ತನಕ,
ಆಮೇಲೆ ಆ ಕೂಗು. ಪಕ್ಕದ ಮನೆಯ ನಾಯಿ ಎದ್ದಿತು.
ಬಳ್ಳಿಯನ್ನು ಕೂಡಲೇ ಕತ್ತರಿಸಲಿಲ್ಲ.
ನನ್ನ ಬೆರಳನ್ನು ಅದರ ಮೇಲಿಟ್ಟು
"ನಿಲ್ಲಲಿ, ಅದಕ್ಕೇ ಗೊತ್ತು" ಅಂದರು.

ಗೂಡು ತೂಗುವ ತಕ್ಕಡಿಯಲ್ಲೇ ತೂಗಿದ್ದು.
"ಚೀಲದ ತೂಕ ಕಳೀಬೇಕು" ಅಂದ ಆಂಜಿನಪ್ಪ,
ಮಾರ್ಕೆಟ್ಟಿನ ಅಭ್ಯಾಸ.
ಬಟ್ಟೆ ಕಳೆದು ಎರಡು ಕೇಜಿ ಎಂಟುನೂರ ಎಪ್ಪತ್ತು.

ಆರು ಗಂಟೆಗೆ ಮುಬೀನಾ ಚಪ್ಪಲಿ ಹಾಕಿಕೊಂಡಳು.
ಇನ್ನೊಂದು ವಾರಕ್ಕೆ ನಮ್ಮ ಗೂಡು
ಅವಳ ಬಾಣಲೆಯ ಕುದಿನೀರಿಗೆ, ಒಳಗಿನ ಜೀವ ಸಮೇತ.
ಅವಳಿಗೂ ಗೊತ್ತು, ನನಗೂ.
ಮಗುವಿನ ನೆತ್ತಿ ಮುಟ್ಟಿ ಹೋದಳು.

ಅತ್ತೆ ಓಡಿಬಂದು ಕೈಚಾಚಿದರು,
ಸಿಸ್ಟರ್ ಬೈದು ಮೊಣಕೈವರೆಗೂ ಸೋಪು ಹಾಕಿಸಿದರು.
ಆದರೂ ರವಿಕೆಯ ಭುಜಕ್ಕೊಂದು ಹುಳ ಅಂಟಿತ್ತು.
ಮಗುವನ್ನು ಎತ್ತಿಕೊಂಡಾಗ ಮಲಗಿದ್ದ ನನಗೊಬ್ಬಳಿಗೇ ಕಂಡಿತು.
ತಲೆಯನ್ನು ಅತ್ತ, ಇತ್ತ, ಅತ್ತ,
ಎಳೆ ಬಿಡುತ್ತಿತ್ತು.
ನಾನು ಹೇಳಲಿಲ್ಲ.